ಇಬ್ಬರದೂ ಸೇರಿಸಿ ತೂಕ

ರಾಮಗಿರಿಯ ಆರೋಗ್ಯ ತಪಾಸಣೆಯಲ್ಲಿ ಹೆಂಗಸರ ತೂಕ ನೋಡುವುದು ನರ್ಸ್ ಆದ ನನ್ನ ಕೆಲಸ. ನಮ್ಮ ಮಷಿನ್ ಕೈಕೊಟ್ಟಿದ್ದರಿಂದ ಪಕ್ಕದ ಅಂಗಡಿಯ ಮೂಟೆ ತೂಗುವ ಮಷಿನ್ ತರಿಸಿದ್ದೆ. ಐವತ್ತು ದಾಟಿದ ಗಂಗಮ್ಮ, ಶಾಂತಮ್ಮ ಎಂಬ ದಪ್ಪನೆಯ ವಾರಗಿತ್ತಿಯರು ಕೈ ಕೈ ಹಿಡಿದು ಒಟ್ಟಿಗೇ ಹತ್ತಿಬಿಟ್ಟರು.

“ಒಬ್ಬೊಬ್ಬರೇ ನಿಲ್ರಮ್ಮ,” ಅಂದೆ.

“ಇಬ್ಬರ್ದೂ ಸೇರಿಸಿ ಬರ್ಕಳ್ರಿ ಸಿಸ್ಟರಮ್ಮ. ಯಾರ್ದು ಜಾಸ್ತಿ ಅಂತ ಊರಿಗೆ ಗೊತ್ತಾಗಬಾರ್ದು,” ಅಂದರು ಗಂಗಮ್ಮ.

ಒಬ್ಬರು ಇಳಿದರೆ ಇನ್ನೊಬ್ಬರ ತೂಕ ಬಯಲಾಗುತ್ತದಲ್ಲ! ಇಬ್ಬರೂ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಸರಿ, ಮಷಿನ್ ಮೇಲೇ ನಿಂತಿದ್ದ ಇಬ್ಬರಿಗೂ ಹೇಳಿದೆ: “ಮುಟ್ಟು ನಿಂತ ಮೇಲೆ ಬೊಜ್ಜು ಜಾಸ್ತಿ ಇದ್ರೆ ಸ್ತನದ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಬರೋ ಅಪಾಯ ಹೆಚ್ಚು.”

ಶಾಂತಮ್ಮನ ಮುಖ ಬಾಡಿತು. “ಹಂಗಾದ್ರೆ ನಮಗೆ ಬಂದೇ ಬಿಡ್ತೈತಾ?”

“ಬಂದೇ ಬರ್ತೈತೆ ಅಂತಲ್ಲ. ತೂಕ ಇಳಿಸಿದ್ರೆ ಅಪಾಯ ಕಮ್ಮಿ ಆಗಬೋದು. ದಿನಾ ನಡೀರಿ.”

“ನಾಳೆಯಿಂದ್ಲೇ ಹೋಗ್ತೀನಿ,” ಅಂದರು ಶಾಂತಮ್ಮ.

“ಒಬ್ಬಳೇ ಹೋಗಿ ತೆಳ್ಳಗಾಗಾಣ ಅಂತೀಯೇನೇ? ನಾನೂ ಬರ್ತೀನಿ!” ಎಂದು ಗಂಗಮ್ಮ ಆಕೆಯ ಸೆರಗು ಜಗ್ಗಿದರು. ಇಬ್ಬರೂ ಒಟ್ಟಿಗೇ ಇಳಿದರು.

ಈಗ ದಿನಾ ಸಂಜೆ ರೈಲ್ವೆ ಸ್ಟೇಷನ್‌ವರೆಗೂ ಜೋಡಿಯಾಗಿ ನಡೆಯುತ್ತಾರಂತೆ. ನನ್ನ ಗಂಡನಿಗೆ ಅಣ್ಣತಮ್ಮಂದಿರಿಲ್ಲ. ನಾನಿನ್ನೂ ವಾಕಿಂಗ್ ಶುರು ಮಾಡದಿರುವುದಕ್ಕೆ ಅದೇ ಕಾರಣ ಇರಬೇಕು.