ಹಿತ್ತಲ ಕೋಲಿಯ ಮೀನಿಗೆ ಹೆಸರಿಟ್ಟದ್ದು

ಮೀನಿನ ಮೇಲೆ ಕೆಲಸ ಮಾಡುತ್ತೇನೆ ಎಂದು ಹೇಳಿದರೆ ಧಾರವಾಡದಲ್ಲಿ ಎರಡು ಪ್ರಶ್ನೆ ಖಾಯಂ ಬರುತ್ತವೆ. ಇಲ್ಲಿ ಸಮುದ್ರ ಎಲ್ಲಿದೆ ಎನ್ನುವುದು ಒಂದು, ನೀವು ತಿನ್ನುತ್ತೀರೇನು ಎನ್ನುವುದು ಇನ್ನೊಂದು. ಸಮುದ್ರವೂ ಇಲ್ಲ, ತಿನ್ನುವುದೂ ಇಲ್ಲ ಎಂದರೆ ಕೇಳಿದವರಿಗೆ ನನ್ನ ಮೇಲೆ ಮರುಕ ಹುಟ್ಟುತ್ತದೆ. ಗರಗದಲ್ಲಿರುವ ನನ್ನ ಅವ್ವ ನೆಂಟರ ಮುಂದೆ ನನ್ನ ಉದ್ಯೋಗವನ್ನು ‘ಕಾಲೇಜಿನ್ಯಾಗ ಕಲಸ್ತಾಳ’ ಎನ್ನುವಲ್ಲಿಗೇ ನಿಲ್ಲಿಸುತ್ತಾಳೆ. ಏನು ಕಲಿಸುತ್ತಾಳೆ ಎಂದು ಯಾರಾದರೂ ಮುಂದುವರಿಸಿದರೆ ಚಹಾ ಮಾಡುವ ನೆಪ ತೆಗೆದು ಒಳಗೆ ಹೋಗುತ್ತಾಳೆ. ದಿನಾ ಲಿಂಗಪೂಜೆ ಮಾಡುವ ಮನೆಯ ಮಗಳು ಮೀನಿನ ಮುಳ್ಳು ಎಣಿಸುತ್ತಾಳೆಂದು ಹೇಳಲು ಅವಳಿಗೆ ಇನ್ನೂ ಬಾಯಿ ಬಂದಿಲ್ಲ.

ಈ ಹುಚ್ಚು ಹಿಡಿಸಿದವರು ನನ್ನ ಗುರುಗಳು. ಅವರನ್ನು ನಾನು ಇಂದಿಗೂ ಸರ್ ಎಂದೇ ಕರೆಯುತ್ತೇನೆ. ನನಗಿಂತ ಒಂದು ಕೈ ಮೇಲೆ ಅವರ ಸಂಸಾರ: ಸಪ್ತಾಪುರದ ಬ್ರಾಹ್ಮಣರ ಮನೆ, ಚಾತುರ್ಮಾಸ ಬಂದರೆ ಉಳ್ಳಾಗಡ್ಡಿಯೂ ಹೊಸ್ತಿಲು ದಾಟುವುದಿಲ್ಲ. ಅಂಥ ಮನೆಯ ಯಜಮಾನ ಆಳಸಮುದ್ರದ ಮೀನುಗಳ ಬೆನ್ನು ಹತ್ತಿ ಆಯುಷ್ಯ ಕಳೆದರು. ನಿವೃತ್ತರಾದ ಮೇಲೆ ಹಿತ್ತಲಿನಲ್ಲಿ ಕಟ್ಟಿಗೆ ಒಟ್ಟುತ್ತಿದ್ದ ಕೋಲಿಯನ್ನು ತೊಳೆಸಿ, ಒಂದು ಸೂಕ್ಷ್ಮದರ್ಶಕ, ಸ್ಪಿರಿಟ್ಟಿನ ಬಾಟಲಿಗಳು, ಎರಡು ಕುರ್ಚಿ ಇಟ್ಟುಕೊಂಡರು. ವಾರಕ್ಕೆ ಎರಡು ಸಲ ನಾನು ಕಾಲೇಜು ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ.

ಸರ್ ಅವರ ಹೆಂಡತಿ ನನಗೆ ಕಾಕೂ. ಅವರು ಆ ಕೋಲಿಗೆ ಒಂದು ದಿನವೂ ಕಾಲಿಟ್ಟವರಲ್ಲ. ಹಿತ್ತಲ ನಡುವೆ ಬಟ್ಟೆ ಒಗೆಯುವ ಕಲ್ಲಿದೆ. ಅದೇ ಗಡಿ. ಚಹಾ ಆ ಕಲ್ಲಿನವರೆಗೆ ಬರುತ್ತಿತ್ತು, ನಾವು ಎದ್ದು ಹೋಗಿ ತಂದುಕೊಳ್ಳಬೇಕು. ಸಂಜೆ ಸರ್ ಬಚ್ಚಲಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಅವರ ಅಂಗಿಗಳಿಗೆ ಬೇರೆ ಬಕೆಟ್ಟು. ಇದರಲ್ಲಿ ಜಗಳವೇನೂ ಇರಲಿಲ್ಲ. ಯಾವ ಕಾಲದಲ್ಲೋ ಇಬ್ಬರೂ ಒಪ್ಪಿಕೊಂಡ ಕರಾರು ಅದು.

ಮಂಗಳೂರಿನ ಬಂದರಿಗೆ ಆಳದ ಸೀಗಡಿ ಹಿಡಿಯುವ ದೋಣಿಗಳು ಬರುತ್ತವೆ. ಸೀಗಡಿಯ ಜೊತೆ ಬಲೆಗೆ ಬಿದ್ದ ಬೇಡದ ಮೀನುಗಳನ್ನು ದಕ್ಕೆಯ ಮೇಲೆ ರಾಶಿ ಹಾಕುತ್ತಾರೆ. ಹಿಟ್ಟಾಗಿ ಕೋಳಿಗಳ ಹೊಟ್ಟೆಗೆ ಹೋಗುವ ಮಾಲು. ವರ್ಷಕ್ಕೊಮ್ಮೆ ನಾವಿಬ್ಬರೂ ಹೋಗಿ ಆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದೆವು. ಈ ಮೀನು ಸಿಕ್ಕಿದ್ದು ಸರ್ ಅವರ ಕೊನೆಯ ಪ್ರವಾಸದಲ್ಲಿ. ದೊಡ್ಡ ತಲೆ, ತಲೆಗೆ ಮೀರಿದ ಕಣ್ಣು, ಗದ್ದದ ಕೆಳಗೆ ಒಂದೇ ಒಂದು ಮೀಸೆ, ಹಿಂದೆ ಹಿಂದೆ ಹೋದಂತೆ ಸಣ್ಣಗಾಗಿ ದಾರದ ಹಾಗೆ ಮುಗಿಯುವ ಬಾಲ. ಇಲಿಬಾಲದ ಮೀನು ಎನ್ನುವ ದೊಡ್ಡ ಕುಟುಂಬಕ್ಕೆ ಸೇರಿದ್ದು ಎಂದು ನನಗೂ ತಿಳಿಯಿತು. ಸರ್ ಮಾತ್ರ ಅದನ್ನು ಅಂಗೈಯಲ್ಲಿ ಮಲಗಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಇದು ಬೇರೆ ಎಂದರು. ರಾಶಿಯಲ್ಲಿ ಕೆದಕಿ ಅಂಥವೇ ಇನ್ನು ನಾಲ್ಕು ಹುಡುಕಿದೆವು.

ಬೇರೆ ಎಂದು ಅನ್ನಿಸುವುದು ಸುಲಭ, ಬೇರೆ ಎಂದು ಜಗತ್ತಿಗೆ ತೋರಿಸಿಕೊಡುವುದು ಕಷ್ಟ. ಮೀನನ್ನು ಯಾವಾಗಲೂ ತಲೆ ಎಡಕ್ಕೆ ಮಾಡಿ ಮಲಗಿಸುತ್ತೇವೆ. ಕೊಯ್ಯುವುದೇನಿದ್ದರೂ ಬಲಮಗ್ಗುಲಲ್ಲಿ. ಎಡಮಗ್ಗುಲು ಮುಂದೆ ಬರುವವರಿಗೆ ಇದ್ದ ಹಾಗೇ ಉಳಿಯಬೇಕು. ರೆಕ್ಕೆಯ ಕಡ್ಡಿಗಳನ್ನು ಸರ್ ಒಮ್ಮೆ ಎಣಿಸುತ್ತಿದ್ದರು, ನಾನು ಒಮ್ಮೆ. ಒಬ್ಬರ ಲೆಕ್ಕ ಒಬ್ಬರಿಗೆ ಹೇಳದೆ ಬರೆದಿಟ್ಟು ಆಮೇಲೆ ತಾಳೆ ನೋಡುತ್ತಿದ್ದೆವು. ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ. ಮೀಸೆಯ ಉದ್ದ, ಕಣ್ಣಿನ ಅಗಲ, ಹೊಟ್ಟೆಯ ಕೆಳಗೆ ಬೆಳಕು ಕೊಡುವ ಸಣ್ಣ ಚೀಲ ಎಲ್ಲಿಂದ ಎಲ್ಲಿಯವರೆಗೆ ಇದೆ, ಮೈಮೇಲಿನ ಒಂದೊಂದು ಹುರುಪೆಯ ಮೇಲೆ ಎಷ್ಟು ಸಾಲು ಮುಳ್ಳು. ಆಮೇಲೆ ಅವನ್ನೆಲ್ಲ ಹಿಂದೆ ಬೇರೆಯವರು ಬರೆದದ್ದರ ಪಕ್ಕ ಇಟ್ಟು ನೋಡುವುದು. ಈ ಕೆಲಸದಲ್ಲಿ ಸರ್ ಅವರಿಗೆ ಪುಸ್ತಕ ಬೇಕಾಗುತ್ತಿರಲಿಲ್ಲ. ಯಾವ ಮೀನನ್ನು ಯಾರು ಯಾವ ಸಮುದ್ರದಿಂದ ತೆಗೆದು ಹೆಸರಿಸಿದರು ಎನ್ನುವುದು ಅವರಿಗೆ ವಿಷ್ಣುಸಹಸ್ರನಾಮದ ಹಾಗೆ ಬಾಯಿಪಾಠ. ನಡುಗುತ್ತಿದ್ದದ್ದು ಕೈ ಮಾತ್ರ. ಮೊದಮೊದಲು ಚಿಮಟ ಹಿಡಿದಾಗ, ಬರಬರುತ್ತ ಚಹಾದ ಬಟ್ಟಲು ಹಿಡಿದಾಗಲೂ. ಇದೇ ಅವರ ಕಡೆಯ ಮೀನು ಎಂದು ಇಬ್ಬರಿಗೂ ಗೊತ್ತಿತ್ತು.

ಬೆನ್ನೆಲುಬಿನ ಮಣಿಗಳನ್ನು ಎಣಿಸಲು ಎಕ್ಸ್‌ರೇ ಬೇಕು. ಹುಬ್ಬಳ್ಳಿಯಲ್ಲಿ ಮನುಷ್ಯರ ಎಕ್ಸ್‌ರೇ ತೆಗೆಯುವಲ್ಲಿಗೇ ಹೋದೆವು. ಡಬ್ಬಿಯ ಮುಚ್ಚಳ ತೆಗೆದಾಗ ಅಲ್ಲಿನ ಹುಡುಗಿ ಮೂಗು ಮುಚ್ಚಿಕೊಂಡರೂ ಇಲ್ಲವೆನ್ನಲಿಲ್ಲ. ಒಂದೇ ತೊಂದರೆ: ಪೇಷಂಟಿನ ಹೆಸರು ಹಾಕದೆ ಅವಳ ಕಂಪ್ಯೂಟರು ಮುಂದೆ ಹೋಗುತ್ತಿರಲಿಲ್ಲ. ನನ್ನ ಹೆಸರು ಹೇಳಬೇಕೆನ್ನುವಷ್ಟರಲ್ಲಿ ಸರ್ ಮುಂದೆ ಬಗ್ಗಿ ಕಾಕೂ ಹೆಸರು ಹೇಳಿಬಿಟ್ಟರು. ವಯಸ್ಸೂ ಹೇಳಿದರು. ನಾನು ಬಾಯಿ ತೆರೆದು ನೋಡಿದೆ. ತಿರುಗಿ ಬರುವಾಗ ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನಲ್ಲಿ, ಹೆಂಡತಿಗೆ ಸೀರೆ ಆರಿಸಿದವರ ಖುಷಿಯಲ್ಲಿ, ಹೊಸ ಮೀನಿಗೆ ಆ ಹೆಸರನ್ನೇ ಇಡುವವನಿದ್ದೇನೆ ಎಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬೇಡಿರಿ, ಮೊದಲು ಹೊಸದೋ ಅಲ್ಲವೋ ಖಾತ್ರಿಯಾಗಲಿ ಎಂದು ನಾನು ಚೇಷ್ಟೆ ಮಾಡಿದೆ.

ಮೀನು ಹೊಸದೇ ಆಗಿತ್ತು. ಆದರೆ ಸುದ್ದಿ ಕಾಕೂಗೆ ಹೋಗಬಾರದ ದಾರಿಯಲ್ಲಿ ಹೋಯಿತು. ಸರ್ ಆ ಎಕ್ಸ್‌ರೇ ಪಾಕೀಟನ್ನು ಮರೆತು ಪಡಸಾಲೆಯ ಮೇಜಿನ ಮೇಲೆ ಬಿಟ್ಟಿದ್ದರು. ತನ್ನ ಹೆಸರು, ತನ್ನ ವಯಸ್ಸು ಬರೆದ ಪಾಕೀಟು ಕಾಕೂ ಕಣ್ಣಿಗೆ ಬಿದ್ದಿದೆ. ತನಗೆ ತಿಳಿಯದ ಹಾಗೆ ತನ್ನ ರೋಗವೇನೋ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಫಿಲ್ಮನ್ನು ಕಿಡಕಿಯ ಬೆಳಕಿಗೆ ಹಿಡಿದು ನೋಡಿದರೆ ಉದ್ದ ಬಾಲದ ಮೀನೊಂದರ ಎಲುಬು. ಮರುದಿನ ನಾನು ಹೋದಾಗ ಒಗೆಯುವ ಕಲ್ಲಿನ ಮೇಲೆ ಚಹಾ ಇರಲಿಲ್ಲ.

ಸರ್ ಎಲ್ಲ ಬಿಡಿಸಿ ಹೇಳಿದ್ದಾರೆ, ಅದು ಎಂಥ ಗೌರವವೆಂದು ತಿಳಿಸಿದ್ದಾರೆ. ಕಾಕೂ ಬಗ್ಗಲಿಲ್ಲ. ಭಜನಾ ಮಂಡಳಿಯವರಿಗೆ ಗೊತ್ತಾದರೆ ತಾನು ಮುಖ ಎತ್ತಿ ತಿರುಗುವುದು ಹೇಗೆ ಎಂದರಂತೆ. ಸತ್ತ ಮೇಲೂ ತನ್ನನ್ನು ಬಾಟಲಿಯಲ್ಲಿ ಹಾಕಿ ಇಡುತ್ತೀರೇನು ಎಂದೂ ಕೇಳಿದರಂತೆ. ನಿಯಮದ ಪ್ರಕಾರ ಹೆಸರಿಡಲು ಯಾರ ಒಪ್ಪಿಗೆಯೂ ಬೇಕಿಲ್ಲ. ಸರ್ ಮಾತ್ರ ಕೇಳದೆ ಇಡುವವರಲ್ಲ, ಬೇರೆ ಹೆಸರನ್ನೂ ಇಡುವವರಲ್ಲ. ಲೇಖನ ಪೂರ್ತಿ ತಯಾರಾಗಿ ಹೆಸರಿನ ಜಾಗ ಒಂದೇ ಖಾಲಿ ಉಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಇವರಿಬ್ಬರ ನಡುವೆ ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ದಿನ ಸಿಟ್ಟು ಬಂದು, ಊರಿನ ಹೆಸರು ಇಟ್ಟು ಕೈ ತೊಳೆದುಕೊಳ್ಳೋಣ ಎಂದುಬಿಟ್ಟೆ. ಸರ್ ಕನ್ನಡಕ ಒರೆಸುತ್ತ ಹೇಳಿದರು:

“ಆಕಿ ನನಗ ಇಷ್ಟ ವರ್ಷ ಬ್ಯಾರೆ ಬಕೀಟ್ನ್ಯಾಗ ಅಂಗಿ ಒಗದ ಕೊಟ್ಟಾಳ. ನಾ ಆಕಿಗೆ ಏನ ಕೊಟ್ಟೆ? ಇದೊಂದ ಬ್ಯಾಡಂದ್ರ ಕೊಡ್ಲಿಕ್ಕೆ ನನ್ನ ಕಡೆ ಬ್ಯಾರೆ ಏನೂ ಇಲ್ಲ.”

ನನ್ನ ಸಿಟ್ಟು ಇಳಿಯಿತು. ಎದ್ದು ಸೀದಾ ಅಡುಗೆಮನೆಗೆ ಹೋದೆ. ಕಾಕೂ ಮೆಂತೆಪಲ್ಲೆ ಸೋಸುತ್ತ ಕೂತಿದ್ದರು. ನಾನೂ ಒಂದು ಸೂಡು ಎಳೆದುಕೊಂಡು ಸೋಸುತ್ತ, ಹೂಂ ಅಂದುಬಿಡಿ, ಸರ್ ಅವರ ಜೀವ ತಂಪಾಗುತ್ತದೆ ಎಂದೆ. ಅವರು ತಲೆ ಎತ್ತದೆ, ಅಷ್ಟು ವರ್ಷಗಳಲ್ಲಿ ಆ ಕೋಲಿಯಲ್ಲಿ ಏನಿದೆ ಎಂದು ತನಗೆ ಯಾರಾದರೂ ತೋರಿಸಿದ್ದಾರೇನು ಎಂದು ಕೇಳಿದರು. ಬರಬೇಡ ಎಂದವರು ಯಾರು ಎಂದೆ. ಬಾ ಅಂದವರು ಯಾರು ಎಂದರು. ಹಾಗಾದರೆ ನಡೆಯಿರಿ ಎಂದು ಎಬ್ಬಿಸಿದೆ. ಹೇಗೂ ಇನ್ನೊಮ್ಮೆ ಸ್ನಾನ ಮಾಡುವುದಾಯಿತು ಎನ್ನುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಕೂ ಒಗೆಯುವ ಕಲ್ಲು ದಾಟಿ ಬಂದರು.

ಅವರು ಬಾಗಿಲಲ್ಲಿ ನಿಂತದ್ದು ಕಂಡು ಸರ್ ತಮ್ಮ ಕುರ್ಚಿ ಬಿಟ್ಟು ಎದ್ದರು. ನಾನು ಒಂದು ಹುರುಪೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕ ಸರಿ ಮಾಡಿಕೊಟ್ಟೆ. ಒಂದು ಕಣ್ಣು ಮುಚ್ಚಲು ಕಾಕೂಗೆ ಬರಲಿಲ್ಲ, ಸೆರಗಿನ ತುದಿಯಿಂದ ಮುಚ್ಚಿಕೊಂಡು ಬಗ್ಗಿದರು. ಮೂಗು ಮುಚ್ಚಿಕೊಳ್ಳುವುದು ಮರೆತುಹೋಯಿತು. ಕುಸರೆಳ್ಳಿನ ಹಾಗೆ ಮುಳ್ಳು ಬಂದಿವೆ ಎಂದರು. ಸಂಕ್ರಮಣಕ್ಕೆ ಎಳ್ಳಿಗೆ ಸಣ್ಣ ಉರಿಯಲ್ಲಿ ಹನಿ ಹನಿ ಪಾಕ ಹಾಕಿ ಮುಳ್ಳೆಬ್ಬಿಸುವ ಕೈ ಅವರದು. ಇಷ್ಟು ಸಾಲಾಗಿ ನನಗೂ ಬರುವುದಿಲ್ಲ ಎಂದು ಮೆಚ್ಚಿದರು. ಆಮೇಲೆ ಇಡೀ ಮೀನನ್ನು ನೋಡಿದರು. ಅಷ್ಟು ಕತ್ತಲಲ್ಲಿ ಅಷ್ಟು ದೊಡ್ಡ ಕಣ್ಣು ಯಾಕೆ, ಒಂಟಿಯಾಗಿ ಇರುತ್ತದೋ ಬಳಗ ಕಟ್ಟಿಕೊಂಡಿರುತ್ತದೋ ಎಂದು ಕೇಳಿದರು. ಗೊತ್ತಿಲ್ಲ, ಬದುಕಿದ್ದಾಗ ಅದನ್ನು ಯಾರೂ ನೋಡಿಲ್ಲ ಎಂದೆ.

ನಿಮಗಿಂತ ಮೊದಲೇ ಯಾರಾದರೂ ಇದನ್ನು ಕಂಡು ಹೆಸರಿಟ್ಟಿದ್ದರೆ ಏನು ಮಾಡುತ್ತೀರಿ ಎನ್ನುವುದು ಅವರ ಮುಂದಿನ ಪ್ರಶ್ನೆ. ಸರ್ ಅವರಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. ಮೊದಲು ಇಟ್ಟ ಹೆಸರೇ ಅದರ ಹೆಸರು, ಆಮೇಲೆ ಇಟ್ಟದ್ದು ಎಷ್ಟೇ ಚಂದವಿರಲಿ, ಎಷ್ಟೇ ವರ್ಷ ಬಳಕೆಯಲ್ಲಿರಲಿ, ಬಿದ್ದುಹೋಗಬೇಕು ಎಂದು ಹೇಳಿದರು. ಕಾಕೂ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು.

“ಹಂಗಿದ್ರ ನೀವು ಇದಕ್ಕ ಇಡ್ಲಿಕ್ಕೆ ಹೊಂಟಿದ್ದು ನನ್ನ ಹೆಸರಲ್ಲ,” ಎಂದರು.

ನನಗೆ ಕ್ಷಣ ತಿಳಿಯಲಿಲ್ಲ. ನಮ್ಮ ಕಡೆ ಇಲ್ಲದ ಪದ್ಧತಿ ಅವರಲ್ಲಿದೆ. ಲಗ್ನದ ದಿನ ಮದುಮಗ ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಮದುಮಗಳಿಗೆ ಹೊಸ ಹೆಸರು ಇಡುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಗೊತ್ತಿರುವ, ಆಧಾರ್ ಕಾರ್ಡಿನಲ್ಲಿರುವ, ಎಕ್ಸ್‌ರೇ ಪಾಕೀಟಿನ ಮೇಲೆ ಬರೆದಿದ್ದ ಹೆಸರು ಸರ್ ಅಕ್ಕಿಯಲ್ಲಿ ಬರೆದದ್ದು.

“ಅದು ನೀವು ಇಟ್ಟದ್ದು. ಇಟ್ಟವರು ಒಂದಿನರೆ ಆ ಹೆಸರ್ಲೆ ಕರದೀರೇನು? ‘ಕೇಳಸ್ತೇನು’ ಅಂತ ಕರದ್ರಿ, ನಾ ಓಗೊಟ್ಟೆ. ನನ್ನ ಹೆಸರು ಏನಿತ್ತು, ಹೇಳ್ರಿ ನೋಡೋಣು.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸರ್ ಕಣ್ಣು ಮುಚ್ಚಿ ನೆನೆದರು. ಹಳೆಯ ಮೀನೊಂದರ ಹೆಸರು ತೆಗೆಯುವಾಗ ಅವರು ಹಾಗೆಯೇ ಮಾಡುತ್ತಾರೆ. ಕಣ್ಣು ತೆರೆದು, ಸಿಕ್ಕಿತು ಎನ್ನುವ ನಂಬಿಕೆಯಲ್ಲಿ ಒಂದು ಹೆಸರು ಹೇಳಿದರು.

“ಅದು ನನ್ನ ತಂಗಿ ಹೆಸರು,” ಎಂದರು ಕಾಕೂ.

ಭೂಮಿ ಬಾಯಿಬಿಟ್ಟರೆ ಹೋಗಿಬಿಡಬೇಕು ಅನ್ನಿಸಿತು. ಸರ್ ಮೇಲೆ ನನಗೆ ಕೆಟ್ಟ ಕೋಪ ಬಂತು. ಎಷ್ಟು ಸಮುದ್ರಗಳ ಎಷ್ಟು ಮೀನುಗಳ ಪುರಾಣ ಬಾಯಲ್ಲಿ ಇಟ್ಟುಕೊಂಡ ಮನುಷ್ಯ! ಅವರ ಮುಖ ನೋಡಿದ ಮೇಲೆ ಕೋಪ ನಿಲ್ಲಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದುಕೊಂಡು, ನಿನ್ನ ಹೆಸರು ಹೇಳು ಎಂದು ಕೇಳಿದರು.

ಕಾಕೂ ಬಾಟಲಿಗಳನ್ನೇ ನೋಡುತ್ತ ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈಗ ಅದು ಮೀನಿನ ಹೆಸರಿನಲ್ಲಿದೆ, ಬೇಕಾದವರು ಅಲ್ಲಿ ಹುಡುಕಿಕೊಳ್ಳಬಹುದು.

“ತವರಿನ್ಯಾಗ ನಮ್ಮಣ್ಣ ಹೋದ ಮ್ಯಾಲೆ ಆ ಹೆಸರ್ಲೆ ಕರಿಯೋರು ಯಾರೂ ಉಳದಿಲ್ಲ,” ಎಂದರು. “ಇಡೋದಾದ್ರ ಅದನ್ನ ಇಡ್ರಿ. ಮೀನಿಗಾದ್ರೂ ಇರ್ಲಿ.”

ಇಷ್ಟು ಹೇಳಿ, ಸ್ನಾನಕ್ಕೆ ಹೊತ್ತಾಯಿತು ಎನ್ನುತ್ತ ಹಿತ್ತಲಿಗೆ ಇಳಿದರು. ಸರ್ ಬಾಗಿಲವರೆಗೆ ಹೋದರು. ಚೌಕಟ್ಟು ಹಿಡಿದು ನಿಂತು, ಅವರ ಬೆನ್ನಿಗೆ, ಆ ಹೆಸರು ಹಿಡಿದು ಕರೆದರು. ಮೆಲ್ಲಗಲ್ಲ, ಪಕ್ಕದ ಮನೆಗೂ ಕೇಳುವ ಹಾಗೆ.

ಕಾಕೂ ನಿಂತರು. ಯಾರನ್ನೋ ಕರೆದರು, ಯಾರು ಬಂದರು ಎಂದು ಮೊದಲು ಗೇಟಿನ ಕಡೆ ನೋಡಿದರು. ಗೇಟಿನಲ್ಲಿ ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ ಹಿಂದೆ ತಿರುಗಿ, “ಓ,” ಎಂದರು.