ಮುಂದೆ ಏನೋ ಜಾಮ್

ಬಾಪೂಜಿ ನಗರದಲ್ಲಿ ನಮ್ಮ ಎದುರುಮನೆಯ ಅಂಕಲ್ ಸಿಟಿ ಬಸ್ ಓಡಿಸಿ ನಿವೃತ್ತರಾಗಿದ್ದರು. ಆಮೇಲೆ ಹಳೆಯ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಆಡುತ್ತಿದ್ದರು, ಅದೂ ಖಾಕಿ ತೊಟ್ಟು.

ಚಿತ್ರ ಚುರುಕಾಗಲೆಂದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೂ ಬಸ್ಸು ತಡೆದು ತಡೆದು ತೆವಳುತ್ತಿತ್ತು. ಚಿತ್ರ ನಿಂತಾಗಲೆಲ್ಲ ಅವರು ಇಂಜಿನ್ ಆಫ್ ಮಾಡಿ, ಮಾನಿಟರಿನತ್ತ ಕತ್ತು ಚಾಚಿ, "ಮುಂದೆ ಏನೋ ಜಾಮ್ ಆಗಿದೆ," ಎನ್ನುತ್ತಿದ್ದರು.

"ಜಾಮ್ ಅಲ್ಲ ಅಂಕಲ್, ವೈರ್ ನೋಡ್ತೀನಿ ಇರಿ," ಎಂದು ಒಂದು ದಿನ ನಾನೇ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ಕೇಬಲ್ ಹೊಸ ಕಾರ್ಡಿಗೆ ಸೇರದೆ ಇನ್ನೂ ಹಳೆಯ ಕಿಂಡಿಯಲ್ಲೇ ಇತ್ತು. ಕಿತ್ತು ಕಾರ್ಡಿಗೆ ಚುಚ್ಚಿದೆ. ಬಸ್ಸು ಸರಾಗವಾಗಿ ಓಡಿತು.

ಅವರ ಮುಖ ಬಿಳಿಚಿಕೊಂಡಿತು. ಗಕ್ಕನೆ ಬಸ್ಸು ತಿರುಗಿಸಿದರು.

"ಎಲ್ಲೂ ನಿಲ್ದೆ ಹೋಗ್ತಿದೆ ಅಂದ್ರೆ ಇವತ್ತು ಬಂದ್ ಇರ್ಬೇಕು ಕಣಪ್ಪಾ. ಕಲ್ಲು ಬೀಳೋಕೆ ಮುಂಚೆ ಡಿಪೋ ಸೇರ್ಕೊಳ್ಳೋಣ!"