ಕ್ವಾರಿಯದ್ದಲ್ಲದ ನಡುಕ

ಸೂಲಿಬೆಲೆಯಿಂದ ಒಂದಿಷ್ಟು ಒಳಗಿದ್ದ ಆ ಊರಿನಲ್ಲಿ ನೆಲ ಮೊದಲ ಸಲ ನಡುಗಿದ್ದು ಒಂದು ಭಾನುವಾರ ಬೆಳಿಗ್ಗೆ, ರೂಪ ತಲೆ ಬಾಚಿಕೊಳ್ಳುತ್ತಿದ್ದಾಗ. ಅಟ್ಟದ ಮೇಲಿನ ಪಾತ್ರೆಗಳು ಗಲಗಲ ಅಂದವು, ಸೂರಿನಿಂದ ಮಣ್ಣು ಉದುರಿತು, ಅಷ್ಟೇ. ಆದರೆ ಅದು ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಮಣ್ಣಡಿಗೆ ಸಿಕ್ಕಿ ಸತ್ತ ಮರುವರ್ಷ. ಊರಿಗೆ ಊರೇ ಬೀದಿಗೆ ಬಂದು ನಿಂತಿತು.

"ಭಾನ್ವಾರಾನೂ ಸಿಡಿಸ್ತಾನಲ್ಲೋ ಈ ಕೊಂಡಪ್ಪ!" ಎಂದು ರೂಪಳ ಅಪ್ಪ ರಾಮಾಂಜಿನಪ್ಪ ಕೂಗಾಡಿದರು.

ಕೊಂಡಪ್ಪ ಊರ ಪಕ್ಕದ ಗುಡ್ಡದಲ್ಲಿ ಕಲ್ಲು ಕ್ವಾರಿ ನಡೆಸುತ್ತಿದ್ದ. ಅಲ್ಲಿಯ ಸಿಡಿಮದ್ದಿಗೆ ಎಷ್ಟೋ ಮನೆಗಳ ಗೋಡೆಗಳು ಬಾಯಿಬಿಟ್ಟಿದ್ದವು. ಅರ್ಜಿ ಕೊಟ್ಟು ಕೊಟ್ಟು ರಾಮಾಂಜಿನಪ್ಪನವರ ಚಪ್ಪಲಿ ಸವೆದಿತ್ತು. ನಡುಕ ಮತ್ತೆ ಮತ್ತೆ ಬಂದಾಗ ಅವರೇ ಮುಂದೆ ನಿಂತು ಕ್ವಾರಿಯ ದಾರಿಗೆ ಎತ್ತಿನಗಾಡಿ ಅಡ್ಡ ನಿಲ್ಲಿಸಿದರು. ತಹಶೀಲ್ದಾರರು ಬಂದು, ಪರೀಕ್ಷೆ ಆಗುವವರೆಗೆ ಎಂದು ಕ್ವಾರಿಗೆ ಬೀಗ ಹಾಕಿಸಿದರು. ಅದರ ಹಿಂದೆಯೇ ನಡುಕವೂ ನಿಂತಿತು. ಇನ್ನೇನು ಸಾಕ್ಷಿ ಬೇಕು ಎಂದಿತು ಊರು.

ಆ ಪರೀಕ್ಷೆಯ ಫೈಲು ಬಂದು ಬಿದ್ದದ್ದು ರೂಪಳ ಮೇಜಿನ ಮೇಲೆ. ಬಿ.ಎಸ್ಸಿ. ಮುಗಿಸಿದ್ದ ಅವಳು ಭೂಕಂಪ ದಾಖಲಿಸುವ ಒಂದು ಕೇಂದ್ರದಲ್ಲಿ ಸಹಾಯಕಿಯಾಗಿದ್ದಳು. ಸುತ್ತಲಿನ ಬಂಡೆಗಳ ಮೇಲೆ ಕೂರಿಸಿದ್ದ ಉಪಕರಣಗಳು ಕಳಿಸುವ ಅಲೆಗಳನ್ನು ಅಳೆಯುವುದು ಅವಳ ಕೆಲಸ.

"ಸಾರ್, ಅದು ನಮ್ಮೂರು. ಬೇರೆಯೋರ್ಗೆ ಕೊಟ್ಬಿಡಿ," ಎಂದಳು.

"ಬೇರೆ ಯಾರಿದ್ದಾರಮ್ಮ? ಅಲೆ ನೋಡೋಕೆ ಯಾವೂರಾದ್ರೇನು?" ಎಂದು ಮೇಲಧಿಕಾರಿ ಫೈಲು ಅವಳತ್ತಲೇ ತಳ್ಳಿದರು.

ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ದಿನವೂ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಊರಿನ ಹೂ ಮಾರುವ ಪಿಳ್ಳಮ್ಮ ಸರಿದು ಜಾಗ ಕೊಟ್ಟು, ರೂಪಳ ಮುಡಿಗೆ ಕನಕಾಂಬರ ಸಿಕ್ಕಿಸಿದಳು. "ನನ್ ಮಗಳೇ ರಿಪೋರ್ಟ್ ಬರ‍್ಯೋದು," ಎಂದು ಅಪ್ಪ ಅರಳೀಕಟ್ಟೆಯಲ್ಲಿ ಹೇಳಿಕೊಂಡು ತಿರುಗಿದರು. ರೂಪ ಕಟ್ಟೆಯ ದಾರಿ ಬಿಟ್ಟು ಹಿತ್ತಲಿನಿಂದ ಮನೆ ಸೇರತೊಡಗಿದಳು.

ಏಕೆಂದರೆ ಅಲೆಗಳು ಬೇರೆಯೇ ಹೇಳುತ್ತಿದ್ದವು. ಮದ್ದು ಸಿಡಿದರೆ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ, ಪ್ರತಿ ಉಪಕರಣದಲ್ಲೂ ಮೊದಲ ಗೀಟು ಮೇಲಕ್ಕೆ ಏಳುತ್ತದೆ. ಈ ನಡುಕಗಳಲ್ಲಿ ಗೀಟು ಕೆಲವು ಕಡೆ ಮೇಲಕ್ಕೆದ್ದು, ಕೆಲವು ಕಡೆ ಕೆಳಗಿಳಿದಿತ್ತು. ಒಳಗೆಲ್ಲೋ ಎರಡು ಬಂಡೆ ಒಂದಕ್ಕೊಂದು ಉಜ್ಜಿ ಜಾರಿದ ಗುರುತು ಅದು. ದೊಡ್ಡ ಜಾರಿಕೆಯ ಅಲೆ ನಿಧಾನವಾಗಿ ಏಳುಬೀಳುತ್ತದೆ, ಚಿಕ್ಕದರದ್ದು ಚುರುಕು. ಇವು ಬಲು ಚುರುಕು. ಲೆಕ್ಕ ಹಾಕಿದರೆ ಜಾರಿದ ಜಾಗ ಊರ ಕೆರೆಯಂಗಳಕ್ಕಿಂತ ದೊಡ್ಡದಿರಲಿಲ್ಲ, ಅದೂ ಕ್ವಾರಿಯ ಗುಂಡಿಗಿಂತ ಎಷ್ಟೋ ಆಳದಲ್ಲಿ. ತಪ್ಪಿರಲಿ ಎಂಬ ಆಸೆಯಿಂದ ಮತ್ತೆ ಅಳೆದಳು. ತಪ್ಪಿರಲಿಲ್ಲ.

ಮನೆಯಲ್ಲಿ ಹೇಳಿದಾಗ ರಾಮಾಂಜಿನಪ್ಪ ಎದ್ದು ಬೀದಿಬಾಗಿಲು ಮುಚ್ಚಿ ಬಂದರು. ಆಮೇಲೆ ಮೆಲ್ಲಗೆ, "ಗೊತ್ತಾಗ್ತಿಲ್ಲ ಅಂತಾನಾದ್ರೂ ಅನ್ನು ತಾಯಿ. ಅಷ್ಟ್ ಸಾಕು," ಎಂದರು.

"ಗೊತ್ತಾಗಿದೆಯಲ್ಲಪ್ಪ."

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಎದುರಿಗೆ ಇಡೀ ಊರು, ಒಂದು ಪಕ್ಕ ಕೊಂಡಪ್ಪ. ತಹಶೀಲ್ದಾರರು, "ನಡುಕ ಕ್ವಾರಿಯಿಂದ ಬಂತೋ ಇಲ್ಲವೋ?" ಎಂದರು. ರೂಪ ಸೆರಗು ಬಿಗಿಹಿಡಿದು ಎದ್ದಳು.

"ಇಲ್ಲ ಸಾರ್. ಅದು ಚಿಕ್ಕ ಭೂಕಂಪ. ತಾನಾಗೇ ಬಂತು, ತಾನಾಗೇ ನಿಲ್ತು. ಆದ್ರೆ ಗೋಡೆ ಬಿರುಕಿನ ವಿಷ್ಯ ಬೇರೆ. ದಿನಾ ಸಿಡಿಸೋ ಮದ್ದಿಂದ್ಲೂ..."

"ಕೇಳಿದ್ದಕ್ಕಷ್ಟೇ ಹೇಳಿ," ಎಂದು ಅವರು ಬರೆದುಕೊಳ್ಳತೊಡಗಿದರು. ಅವಳ ಉಳಿದ ಮಾತು ಗದ್ದಲದಲ್ಲಿ ಮುಳುಗಿತು. ರಾಮಾಂಜಿನಪ್ಪ ಟವೆಲು ಒದರಿ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ನಡೆದುಬಿಟ್ಟರು.

ಕ್ವಾರಿಯ ಬೀಗ ತೆಗೆದರು. ಕೊಂಡಪ್ಪ ರೂಪಳ ಮನೆಗೆ ಮೈಸೂರು ಪಾಕಿನ ಡಬ್ಬಿ ಕಳಿಸಿದ. ರೂಪ ಉರಿದುಕೊಂಡು, ಡಬ್ಬಿಯನ್ನು ಅವನ ಶೆಡ್ಡಿಗೇ ಹೋಗಿ ಮೇಜಿನ ಮೇಲೆ ಕುಕ್ಕಿ ಬಂದಳು. ಅವಳು ಶೆಡ್ಡಿನೊಳಗೆ ಹೋದದ್ದನ್ನು ಕಂಡವರಿದ್ದರು, ಏಕೆ ಹೋದಳೆಂದು ಕೇಳಿದವರಿಲ್ಲ. ಮರುದಿನ ಬಸ್ಸಿನಲ್ಲಿ ಪಿಳ್ಳಮ್ಮ ಪಕ್ಕದ ಸೀಟಿನ ಮೇಲೆ ಬುಟ್ಟಿ ಇಟ್ಟು ಕಿಟಕಿಯತ್ತ ಮುಖ ತಿರುಗಿಸಿದಳು.

ಕೇಂದ್ರದ ಹತ್ತಿರವೇ ಒಂದು ರೂಮು ನೋಡಿ ರೂಪ ಬಟ್ಟೆ ಕಟ್ಟಿದಳು. ಅವಳ ತಾಯಿ ಪಾಪಮ್ಮ ಬಾಗಿಲಿಗೆ ಅಡ್ಡ ಕೂತಳು.

"ಈಗ ಹೋದ್ರೆ, ಕೊಂಡಪ್ಪನ ತಾವ ದುಡ್ಡು ಈಸ್ಕೊಂಡು ಓಡೋದ್ಳು ಅಂತಾರೆ. ನಿಮ್ಮಪ್ಪ ಊರಲ್ಲಿ ತಲೆ ಎತ್ತಂಗಿಲ್ಲ. ಇಲ್ಲೇ ಇರು."

"ಇದ್ರೆ ಮಾತಾಡ್ತಾರಾ?"

"ಇಲ್ಲ. ಆದ್ರೂ ಇರು."

ರೂಪ ಬಟ್ಟೆಯ ಗಂಟು ಬಿಚ್ಚಿದಳು. ಪಾಪಮ್ಮ ಮುದ್ದೆ ಬಡಿಸಿ ಇಬ್ಬರನ್ನೂ ಕರೆದಳು. ರೂಪ ಬಂದು ತಟ್ಟೆಯ ಮುಂದೆ ಕೂತಳು. ರಾಮಾಂಜಿನಪ್ಪ ತಮ್ಮ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು.